ಮಧ್ಯಾಹ್ನದ ಪಾಳಿಯವರು

ನಮ್ಮಂಥ ಅನುದಾನಿತ ಶಾಲೆಯ ಶಿಕ್ಷಕರಿಗೆ ವರ್ಷದ ಮೊದಲ ಕೆಲಸ ಪಾಠ ಹೇಳುವುದಲ್ಲ, ಮಕ್ಕಳನ್ನು ಹುಡುಕಿಕೊಂಡು ಹೋಗುವುದು. ಹಾಜರಿ ಪಟದಲ್ಲಿ ಇಂತಿಷ್ಟು ಹೆಸರು ಇರಲೇಬೇಕು. ಇಲ್ಲದಿದ್ದರೆ ಸರಕಾರ ಆ ತರಗತಿಯ ಶಿಕ್ಷಕರ ಸಂಬಳ ನಿಲ್ಲಿಸುತ್ತದೆ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಶಾಲೆಯ ಪಟ ಆ ವರ್ಷ ತೀರ ಸೊರಗಿತ್ತು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಧಾರವಾಡ, ವಿಜಾಪುರದ ಕಡೆಯಿಂದ ಬಂದ ಗುಮಾಸ್ತರು ಮತ್ತು ಉಡುಪಿ ಕಡೆಯ ಹೋಟೆಲಿನವರು ಸೇರಿ ಹೊಟ್ಟೆ ಬಟ್ಟೆ ಕಟ್ಟಿ ಎಬ್ಬಿಸಿದ ಶಾಲೆ ಅದು. ಎಬ್ಬಿಸಿದವರ ಮಕ್ಕಳು ಮಾತ್ರ ಅಲ್ಲಿ ಕನ್ನಡ ಕಲಿಯುತ್ತಿರಲಿಲ್ಲ. ಅದೇ ಕಟ್ಟಡದಲ್ಲಿ, ಅದೇ ಸಂಸ್ಥೆ ಬೆಳಗಿನ ಪಾಳಿಗೆ ಇಂಗ್ಲಿಷ್ ಶಾಲೆ ತೆರೆದಿತ್ತು. ಎಲ್ಲರೂ ಅತ್ತ ನಡೆದಿದ್ದರು. ನನ್ನ ಮಗಳೂ ಅಲ್ಲೇ ಇದ್ದಳು. ಮುಚ್ಚಿಡುವುದೇನು, ಆ ವಿಷಯದಲ್ಲಿ ನನಗೂ ನನ್ನ ಗಂಡನಿಗೂ ಒಂದು ದಿನವೂ ಜಗಳವಾದದ್ದಿಲ್ಲ.

ಹೀಗಾಗಿ ಮಧ್ಯಾಹ್ನದ ಕನ್ನಡ ಪಾಳಿಗೆ ಮಕ್ಕಳು ಬೇಕಾಗಿದ್ದರು. ಮಹಾಪೆಯ ದಾರಿಯ ಗುಡ್ಡಗಳಲ್ಲಿ ಕಲ್ಲಿನ ಖಣಿಗಳಿವೆ, ಅಲ್ಲಿ ದುಡಿಯುವವರೆಲ್ಲ ರಾಯಚೂರು, ಕಲಬುರ್ಗಿ ಕಡೆಯ ವಡ್ಡರು, ಅವರ ಮಕ್ಕಳು ಕನ್ನಡ ಬಲ್ಲವರು ಎಂದು ಯಾರೋ ಹೇಳಿದರು. ನಾನೂ ನಮ್ಮ ಮುಖ್ಯಾಧ್ಯಾಪಕರೂ ಹೊರಟೆವು. ಅವರು ವಿಜಾಪುರದವರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಗುಡ್ಡದ ಅರ್ಧ ಕಡಿದು ಹೋಗಿತ್ತು. ಉಳಿದ ಅರ್ಧದ ಬುಡದಲ್ಲಿ ತಗಡಿನ ಜೋಪಡಿಗಳು. ಗಂಡಸರು ಬಂಡೆ ಒಡೆಯುತ್ತಿದ್ದರು, ಹೆಂಗಸರು ಕೂತು ಅದನ್ನು ಖಡಿ, ಅಂದರೆ ಜಲ್ಲಿ, ಕುಟ್ಟುತ್ತಿದ್ದರು, ಮಕ್ಕಳು ಕುಟ್ಟಿದ್ದನ್ನು ಬುಟ್ಟಿಗೆ ತುಂಬುತ್ತಿದ್ದರು. ಯಾರನ್ನು ಮಾತಾಡಿಸಿದರೂ ಮೊದಲು ಕೆಮ್ಮು, ಆಮೇಲೆ ಮಾತು.

"ಸಾಲಿಗೆ ಕಳಸ್ತೀವ್ರಿ ಅಕ್ಕೋರ," ಎಂದ ಒಬ್ಬ, ಸುತ್ತಿಗೆ ಕೆಳಗಿಟ್ಟು. "ಆದ್ರ ಅಷ್ಟು ದೂರ ಹೋಗಿ ಬರೂದು ಹೆಂಗ?"

ದಾರಿ ಅವರೇ ಹುಡುಕಿದರು. ಆಗ ಡೊಂಬಿವಲಿಯ ತುಂಬ ಕಟ್ಟಡಗಳು ಏಳುತ್ತಿದ್ದವು. ಖಡಿ ತುಂಬಿದ ಲಾರಿಗಳು ಶೀಳ ಫಾಟಾ ಎಂಬ ಕೂಡುರಸ್ತೆಯ ಮೇಲಿಂದ ದಿನವಿಡೀ ಓಡಾಡುತ್ತಿದ್ದವು. ಮಧ್ಯಾಹ್ನದ ಲಾರಿಯಲ್ಲಿ ಖಡಿಯ ಮೇಲೆ ಮಕ್ಕಳು, ಸಂಜೆಯ ಖಾಲಿ ಲಾರಿಯಲ್ಲಿ ವಾಪಸು. ಡ್ರೈವರುಗಳು ಒಪ್ಪಿದರು. ಆ ಮಾತಾಡಿದವನ ಮಗಳೇ ಹುಲಿಗೆಮ್ಮ. ಊರಿನಲ್ಲಿ ಆರನೇತ್ತ ಮುಗಿಸಿದ ದಾಖಲೆಯನ್ನು ತಗಡಿನ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡಿದ್ದಳು. ಅವಳ ಸೋದರಮಾವ ಊರಲ್ಲಿ ಮದುವೆಗೆ ಕಾದು ಕೂತಿದ್ದ.

"ಸಾಲಿಗೆ ಹೋಗೂತನಾ ಲಗ್ನದ ಮಾತು ತೆಗಿಯಂಗಿಲ್ರಿ," ಎಂದು ಅವಳ ಅಪ್ಪ ಹೇಳಿದ. "ಏಳನೇತ್ತ ಆದ ಮ್ಯಾಲ ಮುಂದ?"

"ಬರೋ ವರ್ಷ ಎಂಟನೇತ್ತ ತೆರೀತಾರ," ಎಂದೆ. ನಾನು ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ಸಂಸ್ಥೆ ಹಾಗೆಂದು ಸಭೆಯಲ್ಲಿ ಒಪ್ಪಿತ್ತು, ಅಧ್ಯಕ್ಷರು ವೇದಿಕೆಯ ಮೇಲೆ ನಿಂತು ಸಾರಿದ್ದರು.

ಮಕ್ಕಳು ಬಂದರು. ಬರುವಾಗ ಖಡಿಯ ಧೂಳನ್ನೂ ತಂದರು. ಲಾರಿಯಿಂದ ಇಳಿದಾಗ ರೆಪ್ಪೆಗೂದಲು ಕೂಡ ಬೆಳ್ಳಗಿರುತ್ತಿತ್ತು. ನಾನು ನಲ್ಲಿಯ ಹತ್ತಿರ ನಿಲ್ಲಿಸಿ ಮುಖ ತೊಳೆಸಿಯೇ ಒಳಗೆ ಬಿಡುತ್ತಿದ್ದೆ. ಆದರೂ ಬೆಳಗಿನ ಪಾಳಿಯ ತಾಯಂದಿರಿಂದ ದೂರು ಬಂತು. ಬೆಂಚಿನ ಮೇಲೆ ಧೂಳು, ಯೂನಿಫಾರ್ಮಿಗೆ ಧೂಳು, ಮಕ್ಕಳಿಗೆ ಕಜ್ಜಿ ಆದೀತು. ಜಾತಿ ಎಂಬ ಶಬ್ದ ಯಾರ ಬಾಯಿಯಲ್ಲೂ ಬರಲಿಲ್ಲ. ಮುಂಬಯಿ ಸೀಮೆಗೆ ಬಂದ ಮೇಲೆ ನಾವೆಲ್ಲ ಜಾತಿ ಬಿಟ್ಟವರು, ಸ್ವಚ್ಛತೆ ಹಿಡಿದವರು.

ಸಂಸ್ಥೆಯ ಆಡಳಿತ ಮಂಡಳಿ ಒಂದು ಉಪಾಯ ಹೂಡಿತು. ಬೆಳಗಿನ ಪಾಳಿ ಮುಗಿದ ಕೂಡಲೇ ಬೆಂಚುಗಳನ್ನು ಹಿಂದಿನ ಗೋಡೆಗೆ ಸರಿಸಿ ಒಂದರ ಮೇಲೊಂದು ಪೇರಿಸಬೇಕು, ಮಧ್ಯಾಹ್ನದವರಿಗೆ ಜಮಖಾನೆ ಹಾಸಬೇಕು, ಸಂಜೆ ಮತ್ತೆ ಬೆಂಚು ಇಳಿಸಿ ಸಾಲು ಹಚ್ಚಬೇಕು. ಇಷ್ಟೆಲ್ಲ ಒಬ್ಬ ಪ್ಯೂನನ ಕೈಲಾಗುವ ಕೆಲಸವಲ್ಲ. ಆದ್ದರಿಂದ ದೊಡ್ಡ ಮಕ್ಕಳು ಕೈ ಹಾಕಬೇಕಾಯಿತು. ತಾವು ಕೂಡಬಾರದ ಬೆಂಚನ್ನು ತಾವೇ ಎತ್ತಿಡುವುದು. ಕಲ್ಲು ಹೊತ್ತ ಕೈಗಳಿಗೆ ಅದೇನೂ ಭಾರವಾಗಿರಲಿಲ್ಲ. ಆಟದಂತೆ ಮಾಡುತ್ತಿದ್ದರು, ಅದನ್ನು ನೋಡಿಯೇ ನನಗೆ ಮೈ ಉರಿಯುತ್ತಿತ್ತು. ನನ್ನ ಮೊದಲ ಪಿರಿಯಡ್ಡಿನ ಬಹುಪಾಲು ಇದರಲ್ಲೇ ಕರಗುತ್ತಿತ್ತು. ಗಣಿತ ಶುರುವಾಗುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು.

ಅಧ್ಯಕ್ಷರ ಹತ್ತಿರ ಹೋದೆ. ಅವರದು ಸ್ಟೇಷನ್ ಬಳಿ ಸಸ್ಯಾಹಾರಿ ಹೋಟೆಲು. ಗಲ್ಲಾದ ಮೇಲೆ ಕೂತೇ ಮಾತಾಡಿದರು. ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನದ ಮಕ್ಕಳಿಗೆ ಆಗಾಗ ಡಬ್ಬಿಯಲ್ಲಿ ಇಡ್ಲಿ ಕಳಿಸುತ್ತಿದ್ದರು.

"ಬೇಜಾರು ಮಾಡ್ಬೇಡಿ ಟೀಚರ್," ಎಂದರು. "ನಾನು ಸಹ ನೆಲದಲ್ಲಿ ಕೂತೇ ಕಲಿತದ್ದು. ಹಗಲು ಕಪ್ಪು ಬಸಿ ತೊಳೆದು ನೈಟ್ ಸ್ಕೂಲಿಗೆ ಹೋದವ ನಾನು. ನೆಲದಲ್ಲಿ ಕೂತ್ರೆ ವಿದ್ಯೆ ಹತ್ತುದಿಲ್ವಾ? ಅದು ನಮ್ಮ ಸಂಸ್ಕೃತಿ ಮಾರಾಯ್ರೆ."

"ಹಂಗಾರ ಬೆಳಗಿನವರನ್ನೂ ನೆಲಕ್ಕ ಕೂಡಸ್ರಿ. ಅವರಿಗೂ ಸಂಸ್ಕೃತಿ ಬರಲಿ," ಎಂದೆ.

ಅವರು ನಕ್ಕರು. ನನಗೆ ಕಾಫಿ ತರಿಸಿದರು. ಮಾತು ಅಲ್ಲಿಗೆ ಮುಗಿಯಿತು.

ದೀಪಾವಳಿ ಕಳೆದ ಮೇಲೆ ಬೆಳಗಿನ ಪಾಳಿಯಲ್ಲಿ ಭಾಷಣ ಸ್ಪರ್ಧೆ ಇಟ್ಟರು. ದಕ್ಷಿಣ ಆಫ್ರಿಕದ ವರ್ಣಭೇದ ಎಂಬುದು ವಿಷಯ. ನನ್ನ ಮಗಳು ಹೆಸರು ಕೊಟ್ಟಿದ್ದಳು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಇಂಗ್ಲಿಷಿನಲ್ಲಿ ಗುಡುಗುವುದು, ನಡುವೆ ನನ್ನತ್ತ ತಿರುಗಿ ಹಿಂದಿಯಲ್ಲಿ ಕೇಳುವುದು: "ಮಮ್ಮಿ, ಠೀಕ್ ಹೈ ನಾ?" ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬೇರೆ ಬೆಂಚು, ಬೇರೆ ನೀರು, ಇದು ಮನುಕುಲಕ್ಕೆ ಕಳಂಕ ಎಂಬುದು ಅವಳ ಭಾಷಣದ ಸಾರ. ಮೊದಲ ಬಹುಮಾನ ಬಂತು. ಅಧ್ಯಕ್ಷರೇ ಬಹುಮಾನದ ಕಪ್ಪು ಕೊಟ್ಟು ಬೆನ್ನು ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹುಲಿಗೆಮ್ಮ ಮತ್ತು ಅವಳ ಜೊತೆಯವರು ಒಳಗೆ ಬಂದು ಬೆಂಚು ಸರಿಸಿದರು. ನಾನು ಮಗಳ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಮುಂದಿನ ತಿಂಗಳು ಇನ್ಸ್‌ಪೆಕ್ಷನ್. ಠಾಣೆ ಜಿಲ್ಲೆಯ ಶಿಕ್ಷಣ ಕಚೇರಿಯಿಂದ ಸಾಹೇಬರು ಬರುವುದಿತ್ತು. ಇನ್ಸ್‌ಪೆಕ್ಷನ್ನಿಗೆ ನಮ್ಮಲ್ಲಿ ಒಂದು ಪದ್ಧತಿ. ಒಡೆದ ಗಾಜು ಬದಲಾಗುತ್ತದೆ, ನಕಾಶೆಗಳು ಗೋಡೆ ಹತ್ತುತ್ತವೆ, ದಡ್ಡ ಮಕ್ಕಳಿಗೆ ಅವತ್ತು ಜ್ವರ ಬರುತ್ತದೆ. ಈ ಸಲ ಇನ್ನೊಂದು ಸೇರಿತು. ಮುಖ್ಯಾಧ್ಯಾಪಕರು ಹಿಂದಿನ ದಿನವೇ ಮಕ್ಕಳಿಗೆ ಬೆಂಚಿನ ಮೇಲೆ ಕೂಡುವ ತಾಲೀಮು ಮಾಡಿಸಿದರು. ಹೇಗೆ ಏಳಬೇಕು, ನಮಸ್ತೆ ಎಂದು ಹೇಗೆ ಕೂಡಬೇಕು. ಎಷ್ಟೋ ಮಕ್ಕಳಿಗೆ ಕಾಲು ಇಳಿಬಿಟ್ಟು ಕೂತೇ ಗೊತ್ತಿರಲಿಲ್ಲ, ಬೆಂಚಿನ ಮೇಲೂ ಚಕ್ಕಳ ಮಕ್ಕಳ ಹಾಕಿದರು. ಮಕ್ಕಳು ನಗುತ್ತಿದ್ದರು, ನನಗೆ ನಗು ಬರಲಿಲ್ಲ.

ಆ ರಾತ್ರಿ ನಾನು ಒಂದು ನಿಶ್ಚಯಕ್ಕೆ ಬಂದೆ, ಗಂಡನಿಗೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಬೆಂಚು ಎಂದಿನಂತೆ ಗೋಡೆಗೆ ಹೋಗಲಿ, ಜಮಖಾನೆ ಹಾಸಿರಿ ಎಂದು ಮಕ್ಕಳಿಗೆ ಹೇಳಿದೆ. ಮುಖ್ಯಾಧ್ಯಾಪಕರು ಓಡಿ ಬಂದರು.

"ಏನ್ ಮಾಡಾಕತ್ತೀರಿ ಬಾಯಾರ? ನಾನು ರಿಟೈರ್ ಆಗಾಂವ. ಹೋಗೋ ಹೊತ್ತಿನ್ಯಾಗ ನನ್ನ ಮಾರಿಗೆ ಮಸಿ ಬಳೀಬ್ಯಾಡ್ರಿ."

"ನಾ ಏನೂ ಮಾಡಿಲ್ರಿ ಸರ. ದಿನಾ ಹೆಂಗ ಕೂಡತಾರ ಹಂಗ ಕೂಡ್ಯಾರ."

ಬೆಂಚು ಇಳಿಸಲು ಅವರು ಪ್ಯೂನನನ್ನು ಕೂಗುತ್ತಿದ್ದಂತೆ ಸಾಹೇಬರು ಬಾಗಿಲಲ್ಲೇ ಬಂದು ನಿಂತರು. ಪೇರಿಸಿಟ್ಟ ಬೆಂಚುಗಳನ್ನು ನೋಡಿದರು, ನೆಲದ ಮೇಲಿನ ಮಕ್ಕಳನ್ನು ನೋಡಿದರು. ದಿನಾ ಹೀಗೇ ಕೂಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ಹುಲಿಗೆಮ್ಮ ಎದ್ದು ನಿಂತಳು.

"ಹಾಂ ಸಾಬ್. ಆಜ್ ಬೆಂಚ್ ಪೇ ಬೈಠನೇ ಕೋ ಬೋಲಾ ಥಾ. ಟೀಚರ್ ಬೋಲೀ, ನಕೋ."

ಇವತ್ತು ಮಾತ್ರ ಬೆಂಚಿನ ಮೇಲೆ ಕೂಡಲು ಹೇಳಿದ್ದರು, ಟೀಚರ್ ಬೇಡ ಎಂದರು ಎಂಬ ಮಾತು ಸಾಹೇಬರಿಗೆ ಸಾಕಾಯಿತು. ಮುಖ್ಯಾಧ್ಯಾಪಕರು ಬೆವರು ಒರೆಸಿಕೊಂಡರು. ಒಂದೇ ಕಟ್ಟಡ, ಒಂದೇ ಸಂಸ್ಥೆ, ಎರಡು ಬಗೆಯ ಮಕ್ಕಳು, ಇದು ನಡೆಯುವುದಿಲ್ಲ, ಜೂನ್ ಒಳಗೆ ಈ ಭೇದ ಹೋಗಬೇಕು, ಇಲ್ಲವಾದರೆ ಅನುದಾನ ನಿಲ್ಲುತ್ತದೆ ಎಂದು ಷರಾ ಬರೆದು ಹೋದರು. ಅವತ್ತು ಸಂಜೆ ಮನೆಗೆ ಹೋಗುವಾಗ ನಾನು ಒಂದು ಗಜರೆ ಕೊಂಡು ಮುಡಿದಿದ್ದೆ. ಗೆದ್ದೆ ಎಂದುಕೊಂಡಿದ್ದೆ.

ಮಂಡಳಿಯ ಸಭೆಗೆ ನನ್ನನ್ನು ಕರೆಸಿದರು. ಕೆಲಸದಿಂದ ತೆಗೆಯುತ್ತಾರೆಂದು ತಿಳಿದು ಸಿದ್ಧಳಾಗಿಯೇ ಹೋಗಿದ್ದೆ. ಯಾರೂ ಬೈಯಲಿಲ್ಲ. ಕಾರ್ಯದರ್ಶಿಗಳು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಧಾರವಾಡದವರು, ಠರಾವು ಓದಿದರು. ಬರುವ ಜೂನಿನಿಂದ ಎರಡು ಪಾಳಿ ಇಲ್ಲ. ಒಂದೇ ಶಾಲೆ, ಒಂದೇ ಮಾಧ್ಯಮ, ಎಲ್ಲರಿಗೂ ಬೆಂಚು. ಕನ್ನಡ ವಿಭಾಗ ಮುಚ್ಚುವುದು. ಅಲ್ಲಿಯ ಮಕ್ಕಳು ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ಕೊಟ್ಟು ಇಂಗ್ಲಿಷ್ ಶಾಲೆಗೆ ಸೇರಬಹುದು. ಯಾರಿಗೂ ಅಡ್ಡಿಯಿಲ್ಲ.

"ಎಂಟನೇತ್ತ ತೆರೀತೀವಿ ಅಂದಿದ್ರಿ," ಎಂದೆ.

"ಇಂಗ್ಲಿಷಿನಲ್ಲಿ ಉಂಟಲ್ಲ ಎಂಟನೇ ಕ್ಲಾಸು," ಎಂದರು ಅಧ್ಯಕ್ಷರು. "ನೋಡಿ ಟೀಚರ್, ಬೆಂಚು ಕೊಡ್ಲಿಕ್ಕೆ ನನಗೇನೂ ಇಲ್ಲ. ಆದರೆ ಅವರು ಕೂತ ಬೆಂಚಲ್ಲಿ ತಮ್ಮ ಮಕ್ಕಳನ್ನು ಕೂರಿಸೂದಿಲ್ಲ ಅಂತ ಬೆಳಗಿನವರು ಹಟ ಹಿಡಿದಿದ್ದಾರೆ. ಅನುದಾನ ಹೋದ್ರೂ ತಡೀಬಹುದು, ಬೆಳಗಿನವರ ಫೀಸು ಹೋದ್ರೆ ಸಂಸ್ಥೆಯೇ ಮುಳುಗ್ತದೆ. ಎಲ್ಲರಿಗೂ ಒಂದೇ ರೀತಿ ಆಗ್ಬೇಕು ಅಂತ ಹೇಳಿದ್ದು ನೀವೇ ಅಲ್ವಾ? ಈಗ ಒಂದೇ ರೀತಿ ಆಯ್ತು."

ಇದಕ್ಕೆ ಏನು ಹೇಳುತ್ತೀರಿ? ಕನ್ನಡ ವಿಭಾಗ ಹೋದರೆ ಕನ್ನಡ ಶಾಲೆಗೆಂದು ಸರಕಾರ ಕೊಟ್ಟ ಜಾಗವೂ ಹೋದೀತಲ್ಲ ಎಂದು ಒಬ್ಬ ಸದಸ್ಯರಿಗೆ ಅಂಜಿಕೆ. ಕಾರ್ಯದರ್ಶಿಗಳು ಅದನ್ನೂ ವಿಚಾರಿಸಿದ್ದರು. ಭಾಷಾ ಅಲ್ಪಸಂಖ್ಯಾತರ ಸಂಸ್ಥೆ ಎಂದು ಹೆಸರಿದ್ದರೆ ಸಾಕಂತೆ, ಕಲಿಸುವುದು ಯಾವ ಭಾಷೆಯಲ್ಲಾದರೂ ನಡೆಯುತ್ತದಂತೆ.

ಠಾಣೆಯ ಶಿಕ್ಷಣ ಕಚೇರಿಗೆ ಹೋದೆ, ಅದೇ ಸಾಹೇಬರನ್ನು ಕಂಡೆ. ನನ್ನ ಗುರುತು ಹಿಡಿದು ಕೂಡಿಸಿದರು, ಠರಾವಿನ ಪ್ರತಿಯನ್ನು ತೆಗೆದು ಎರಡು ಸಲ ಓದಿದರು. "ಬಾಯೀ, ಆತಾ ಭೇದಭಾವ ರಾಹಿಲಾಚ ನಾಹೀ," ಎಂದರು. ಈಗ ಭೇದಭಾವ ಉಳಿದೇ ಇಲ್ಲವಲ್ಲ ಎಂದು. ಅವರ ದನಿಯಲ್ಲಿ ಸಂತೋಷವಿರಲಿಲ್ಲ. ಯಾವ ಮಾಧ್ಯಮ ಬೇಕು ಎಂಬುದು ಸಂಸ್ಥೆಯ ಹಕ್ಕು, ಅದರಲ್ಲಿ ನಾವು ಕೈ ಹಾಕಲಾರೆವು, ಖಣಿಯ ಹತ್ತಿರ ಮರಾಠಿ ಶಾಲೆ ಇದೆಯಲ್ಲ ಎಂದರು. ಆ ಶಾಲೆಗೂ ಹೋಗಿ ಬಂದೆ. ಕನ್ನಡದಲ್ಲಿ ಏಳು ಓದಿದವಳನ್ನು ಮರಾಠಿಯ ಐದರಲ್ಲಿ ಕೂಡಿಸುತ್ತೇವೆ ಎಂದರು. ಹುಲಿಗೆಮ್ಮನ ಅಪ್ಪ ಅದನ್ನು ಕೇಳಿ ತಲೆಯಾಡಿಸಿದ. ಲಗ್ನಕ್ಕೆ ಬಂದ ಹುಡುಗಿಯನ್ನು ಹಿಂದಕ್ಕೆ ತಳ್ಳಿ ಸಣ್ಣ ಹುಡುಗರ ನಡುವೆ ಕೂಡಿಸಿದರೆ ಖಣಿಯವರೆಲ್ಲ ನಗುತ್ತಾರೆ ಎಂದ.

ಉಳಿದದ್ದು ಒಂದೇ ದಾರಿ. ಇಂಗ್ಲಿಷ್ ಪರೀಕ್ಷೆ.

ಬೇರೆ ಮಕ್ಕಳ ಮನೆಯವರು ಯಾರೂ ಅತ್ತ ತಲೆ ಹಾಕಲಿಲ್ಲ. ಹುಲಿಗೆಮ್ಮ ಮಾತ್ರ ಬರುತ್ತೇನೆ ಎಂದಳು. ಮಗಳ ಹಳೆಯ ಪುಸ್ತಕಗಳನ್ನು ಹಿಡಿದುಕೊಂಡು ನಾನು ಶಾಲೆ ಬಿಟ್ಟ ಮೇಲೆ ಅವಳನ್ನು ಕೂಡಿಸಿಕೊಳ್ಳುತ್ತಿದ್ದೆ. ಸಂಜೆಯ ಲಾರಿ ಬರುವ ತನಕ ಪಾಠ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ, ಇದು ನನ್ನ ರೀತಿ. ನಾನು ಮಾತಾಡುವುದು, ಅವಳು ಮಾಡಿ ತೋರಿಸುವುದು. ಬಾಗಿಲು ತೆಗೆ, ನೀರು ತಾ, ನಾಳೆ ಬರುವುದಿಲ್ಲ, ಯಾಕೆ ಬರುವುದಿಲ್ಲ. ಅವಳ ಕಿವಿ ಬಲು ಚುರುಕು. ಬಾಯಿ ತಡವರಿಸುತ್ತಿತ್ತು, ಆದರೆ ಹೇಳಿದ್ದು ತಿಳಿಯುತ್ತಿತ್ತು. ಗಣಿತದ ಚಿಂತೆ ಇರಲಿಲ್ಲ.

ಅಡ್ಡಿಗಳೇನೂ ಕಡಿಮೆ ಬರಲಿಲ್ಲ. ಧೂಳಿನಿಂದ ಕಣ್ಣು ಬಾತು ಒಂದು ವಾರ ಮಲಗಿದಳು. ರಜೆ ಬಿದ್ದು ಉಳಿದ ಮಕ್ಕಳೆಲ್ಲ ಬರುವುದು ನಿಂತ ಮೇಲೆ, ಒಬ್ಬಳಿಗಾಗಿ ನಿಲ್ಲಿಸುವುದಿಲ್ಲ ಎಂದು ಡ್ರೈವರು ಮೊಂಡು ಹಿಡಿದ. ನಾನು ಹೋಗಿ ಅವನ ಕೈಕಾಲು ಹಿಡಿಯುವುದೊಂದು ಬಾಕಿ. ಬೇಸಿಗೆಯಲ್ಲಿ ಸೋದರಮಾವ ಊರಿಂದ ಬಂದು ಜೋಪಡಿಯ ಮುಂದೆ ಕೂತುಬಿಟ್ಟ. ಅವನನ್ನು ತಿರುಗಿ ಕಳಿಸಿದವನು ಅಪ್ಪನೇ. "ಪರೀಕ್ಷಾ ಆಗಲಿ, ಆಮ್ಯಾಲ ಬಾ," ಎಂದನಂತೆ. ನನಗೆ ಆ ಮನುಷ್ಯನ ಮೇಲೆ ಎಷ್ಟು ಅಕ್ಕರೆ ಬಂತೆಂದು ಹೇಳಲಾರೆ.

ಒಂದು ದಿನ ಅವಳೇ ಕೇಳಿದಳು: "ಅಕ್ಕೋರ, ಕಲ್ಲು ಒಡಿಯೂದಕ್ಕ ಏನಂತಾರ್ರಿ?"

"ಅಪ್ಪ ಲೇಬರ್ ಅನ್ನು, ಸಾಕು," ಎಂದೆ.

"ಲೇಬರ್ ಅಂದ್ರ ಮಣ್ಣು ಹೊರೂದೂ ಆತು. ನಮ್ಮಪ್ಪ ಕಲ್ಲು ಒಡೀತಾನ್ರಿ."

ಬ್ರೇಕ್ ಎಂಬ ಶಬ್ದ ಹೇಳಿಕೊಟ್ಟೆ. ಲಾರಿ ಬರುವ ತನಕ ಅದನ್ನೇ ಗುನುಗುತ್ತಿದ್ದಳು.

ಲಿಖಿತ ಪರೀಕ್ಷೆಯಲ್ಲಿ ಪಾಸಾದಳು. ಬೆಳಗಿನ ಪಾಳಿಯ ಮುಖ್ಯಾಧ್ಯಾಪಕಿ ತಾವೇ ನನ್ನನ್ನು ಕರೆದು ಹೇಳಿದರು, ಅಚ್ಚರಿಯಿಂದ. ಇನ್ನು ಸಂದರ್ಶನ. ಇಂಗ್ಲಿಷ್ ಶಾಲೆಗಳಲ್ಲಿ ಅದು ಮಕ್ಕಳಿಗಿಂತ ತಂದೆತಾಯಿಗೇ ಹೆಚ್ಚು. ಇಬ್ಬರೂ ಬರಬೇಕು, ಇಂಗ್ಲಿಷಿನಲ್ಲೇ ಉತ್ತರಿಸಬೇಕು. ಮನೆಯಲ್ಲಿ ಮಗುವಿಗೆ ಯಾರು ಅಭ್ಯಾಸ ಮಾಡಿಸುತ್ತಾರೆ ಎಂದು ತಿಳಿಯಬೇಕಲ್ಲ. ನಾನು ಕಾಡಿ ಬೇಡಿ ಒಳಗೆ ಕೂಡುವ ಅನುಮತಿ ಪಡೆದೆ. ತರ್ಜುಮೆ ಮಾಡಕೂಡದು, ಎಲ್ಲರಿಗೂ ಒಂದೇ ನಿಯಮ ಎಂದು ಕಾರ್ಯದರ್ಶಿಗಳು ಮೊದಲೇ ಎಚ್ಚರಿಸಿದರು.

ಎಲ್ಲರದೂ ಮುಗಿದ ಮೇಲೆ ಇವರನ್ನು ಕರೆದರು. ಅಪ್ಪ ಒಗೆದ ಅಂಗಿ ತೊಟ್ಟು ಗುಂಡಿಗಳನ್ನು ಕೊರಳ ತನಕ ಹಾಕಿದ್ದ. ಅವ್ವ ತಲೆಯ ತುಂಬ ಸೆರಗು ಹೊದ್ದಿದ್ದಳು. ಮೇಜಿನ ಆಚೆ ಅಧ್ಯಕ್ಷರು, ಕಾರ್ಯದರ್ಶಿಗಳು, ಮುಖ್ಯಾಧ್ಯಾಪಕಿ. ಮೂವರೂ ಕನ್ನಡ ಬಲ್ಲವರು. ಆ ಕೋಣೆಯಲ್ಲಿ ಕನ್ನಡ ಬಾರದವರು ಒಬ್ಬರೂ ಇರಲಿಲ್ಲ.

ಮುಖ್ಯಾಧ್ಯಾಪಕಿ ಅಪ್ಪನನ್ನು ಇಂಗ್ಲಿಷಿನಲ್ಲಿ ಕೇಳಿದರು, ನಿಮ್ಮ ಉದ್ಯೋಗವೇನು ಎಂದು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

"ಕನ್ನಡದಾಗ ಕೇಳ್ರಿ ಸಾಹೇಬ್ರ," ಎಂದ. "ನೀವೂ ನಮ್ಮ ಕಡೆಯವರ ಅಲ್ಲೇನ್ರಿ?"

ಧಾರವಾಡದ ಕಾರ್ಯದರ್ಶಿಗಳು ಕಾಗದದ ಮೇಲೆ ಕಣ್ಣಿಟ್ಟರು. ಅಪ್ಪ ನನ್ನತ್ತ ತಿರುಗಿದ. ತರ್ಜುಮೆ ಮಾಡಕೂಡದೆಂಬ ನಿಯಮ ನೆನೆದು ನಾನು ನೆಲ ನೋಡಿದೆ.

"ಮೈ ಫಾದರ್ ಬ್ರೇಕ್ಸ್ ಸ್ಟೋನ್ಸ್," ಎಂದಳು ಹುಲಿಗೆಮ್ಮ, ಎದ್ದು ನಿಂತು.

ಆಮೇಲೆ ಅವಳನ್ನೇ ಕೇಳಿದರು. ಎಲ್ಲಿರುವುದು, ಏನು ಇಷ್ಟ, ದೊಡ್ಡವಳಾದ ಮೇಲೆ ಏನಾಗಬೇಕು. ತಡೆದು ತಡೆದು ಎಲ್ಲಕ್ಕೂ ಉತ್ತರ ಕೊಟ್ಟಳು. ಟೀಚರ್ ಆಗುತ್ತೇನೆ ಎಂದಳು. ನನ್ನ ಕಣ್ಣು ತುಂಬಿ ಬಂತು. ಅಪ್ಪನಿಗೆ ಒಂದಕ್ಷರ ತಿಳಿಯದಿದ್ದರೂ ಮಗಳು ಇಂಗ್ಲಿಷ್ ಆಡುವುದನ್ನು ಬಾಯಿ ತೆರೆದು ನೋಡುತ್ತಿದ್ದ.

ಅಧ್ಯಕ್ಷರು ಪಕ್ಕದವರತ್ತ ವಾಲಿದರು, ದನಿಯನ್ನೇನೂ ತಗ್ಗಿಸಲಿಲ್ಲ. ತಗ್ಗಿಸುವ ಅಗತ್ಯವಿದೆ ಎಂದು ಅವರಿಗೆ ತೋರಲಿಲ್ಲ. "ಗರ್ಲ್ ಈಸ್ ಗುಡ್. ಬಟ್ ಲುಕ್ ಅಟ್ ದಿ ಪೇರೆಂಟ್ಸ್. ವಿ ಕೆನಾಟ್ ಟೇಕ್ ದೀಸ್ ಪೀಪಲ್." ಉಳಿದಿಬ್ಬರೂ ತಲೆದೂಗಿದರು.

ಬಳಿಕ ಅವರು ಅಪ್ಪನ ಕಡೆ ತಿರುಗಿ, ಮೊದಲ ಸಲ ಕನ್ನಡದಲ್ಲಿ, ಬಲು ಪ್ರೀತಿಯಿಂದ ಹೇಳಿದರು: "ಆಯ್ತು, ಒಳ್ಳೇದಾಯ್ತು. ನಾವು ತಿಳಿಸ್ತೇವೆ."

ಅಪ್ಪನ ಮುಖ ಅರಳಿತು. ಮೂವರಿಗೂ ಬೇರೆ ಬೇರೆಯಾಗಿ ಕೈ ಮುಗಿದ.

ಹೊರಗೆ ಗೇಟಿನ ಹತ್ತಿರ ಬಂದ ಕೂಡಲೇ ಕೇಳಿದ: "ಕೆಲಸ ಆದಂಗಾತಲ್ರಿ ಅಕ್ಕೋರ? ಸಾಲಿ ಎಂದ ಸುರು?"

ನಾನು ಹೇಳಬೇಕಿತ್ತು. ಹೇಗೆ ಶುರುಮಾಡುವುದೆಂದು ಹುಲಿಗೆಮ್ಮನ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ತಿಳಿಯದ ಹುಡುಗಿಯ ಕಣ್ಣಲ್ಲ ಅದು. ಬೇಸಿಗೆಯಿಡೀ ನಾನು ಕಲಿಸಿದ ಇಂಗ್ಲಿಷು, ಒಳಗೆ ಅವರಾಡಿದ ಆ ಮಾತು ತಿಳಿಯುವಷ್ಟು ಆಗಿತ್ತು. ಬೇಡ ಎಂಬಂತೆ ಅವಳು ಸಣ್ಣಗೆ ತಲೆಯಾಡಿಸಿದಳು.

"ಇನ್ನ ಟೈಮ್ ಐತಿ ಯಪ್ಪಾ, ತಿಳಸ್ತಾರಂತ," ಎಂದಳು. "ನಡಿ, ಲಾರಿ ಹೊಕ್ಕೈತಿ."

ಅಪ್ಪ ಎರಡು ಹೆಜ್ಜೆ ಹೋದವನು ತಿರುಗಿ ಬಂದು, ನಿಮ್ಮ ಋಣ ದೊಡ್ಡದ್ರಿ ಅಕ್ಕೋರ ಎಂದು ನನಗೂ ಕೈ ಮುಗಿದ. ನಾನೂ ಕೈ ಮುಗಿದೆ. ಬೇರೇನು ಮಾಡುವುದಿತ್ತು?